ಕೊಸರು

ಬೆಲೆ ಎಂದರೆ ಗಾಜಿಗೆ ಅಂಟಿಸಿದ ಚೀಟಿಯಲ್ಲ
ಎಂದು ಕಲಿಸಿದವಳು ರಾಣೆಬೆನ್ನೂರಿನ ನನ್ನ ಸೋದರತ್ತೆ.
ಮೆಂತ್ಯದ ಕಟ್ಟಿಗೆ ದುಡ್ಡು ಕೊಟ್ಟಾದ ಮೇಲೂ
ಕದಲದೆ ನಿಂತು, ಎರಡೆಸಳು ಕರಿಬೇವು ಬೀಳುವ ತನಕ
ಚೀಲದ ಬಾಯಿ ಮುಚ್ಚದವಳು.

ಇದು ಕೊಲೊರಾಡೊದ ಪ್ವೆಬ್ಲೊ, ಉಕ್ಕು ಕಾಸುವ ಊರು.
ಡಿಸೆಂಬರ್ ಇಪ್ಪತ್ತೊಂಬತ್ತು. ನಾನು ಬೇಯಿಸುವ ಶಾಲೆಗೆ ರಜೆ.
ಶೋರೂಮಿನಲ್ಲಿ ಡೆಲ್ಫಿನೊ ಆರ್ಚುಲೆಟಾನ ಎದುರು
ಲಕೋಟೆಯ ಬೆನ್ನಿಗೆ ಪೆನ್ಸಿಲ್ ಊರಿ ಕೂತಿದ್ದೇನೆ.
ವರ್ಷ ಮುಗಿಯುವ ಮುನ್ನ ಅವನಿಗೆ ಇನ್ನೂ ಮೂರು ಕಾರು ಸಾಗಬೇಕು.
ಅದು ನನಗೆ ಗೊತ್ತು.
ನನಗೆ ಗೊತ್ತಿರುವುದು ಅವನಿಗೂ ಗೊತ್ತು.

'ಕೊಳ್ಳಬೇಡಿ, ಲೀಸಿಗೆ ತಗೊಳ್ಳಿ' ಅಂದ.
ನನ್ನ ಕಿವಿ ಅದನ್ನು ಭೋಗ್ಯ ಅಂತ ಕೇಳಿಸಿಕೊಂಡಿತು.
ಎಂಥ ಪದ! ನಮ್ಮದಲ್ಲ, ಉಣ್ಣಲಿಕ್ಕೆ ಮಾತ್ರ ನಮ್ಮದು.

ಕೊಂಡರೆ ವಾಷಿಂಗ್ಟನ್ನಿನ ಕೊಸರು ಈ ಕಾರಿಗಿಲ್ಲ,
ಹುಟ್ಟಿದ್ದು ಹೊರದೇಶದಲ್ಲಂತೆ.
(ಆ ಕಾನೂನಿನ ಪರಿಚಯ ನನಗೂ ಉಂಟು.)
ಭೋಗ್ಯಕ್ಕಾದರೆ ಅದೇ ಏಳೂವರೆ ಸಾವಿರ
ಲೀಸ್ ಕಂಪನಿಯ ಹೆಸರಿಗೆ ಬಂದು
ಅಲ್ಲಿಂದ ನನ್ನ ತಟ್ಟೆಗೆ ಜಾರುತ್ತದೆ.
ಹರಕೆ ಅವರದು, ಪ್ರಸಾದ ನನ್ನದು.

ರಾಜ್ಯದ್ದು ಇನ್ನೊಂದಿಷ್ಟು. ಗೋಡೆಗೆ ಪ್ಲಗ್ಗು ಕೂರಿಸಲು
ಕರೆಂಟ್ ಕಂಪನಿಯಿಂದ ಐನೂರು.
ಬಣ್ಣಕ್ಕೆ ಕವಚ, ಟೈರಿಗೆ ವಿಮೆ, ಸೀಟಿಗೆ ಏನೋ ಲೇಪ,
ಡೆಲ್ಫಿನೊ ಬರೆಯುತ್ತ ಹೋದ, ನಾನು ಹೊಡೆಯುತ್ತ ಹೋದೆ.
ಗಾಜಿನ ಕೋಣೆಗೆ ಎರಡು ಸಲ ಹೋಗಿ ಬಂದ,
ಸಪ್ಪೆ ಮುಖ ಹೊತ್ತು.
ನಾನು ಎದ್ದು ನಿಂತೆ. ಏಳುವುದೂ ಲೆಕ್ಕದೊಳಗೇ ಬರುತ್ತದೆ.
ತಿಂಗಳಿಗೆ ಎಂಬತ್ತೊಂಬತ್ತು ಡಾಲರಿಗೆ ಮತ್ತೆ ಕೂತೆ.

ಕಡೆಯ ಕೊಸರು ಹಳೆಯ ಕಾರನ್ನು ಗುಜರಿಗೆ ಕೊಟ್ಟರೆ.
ಷರತ್ತು ಒಂದೇ: ಎಳೆದು ತರುವಂತಿಲ್ಲ,
ತನ್ನ ಕಾಲ ಮೇಲೆ ತಾನೇ ನಡೆದು ಬರಬೇಕು.
ಸತ್ತ ಕಾರಿಗೆ ಸಾವಿನ ದುಡ್ಡು ಇಲ್ಲ.

ಇಪ್ಪತ್ತೆರಡು ವರ್ಷದ ಕೊರೊಲಾ. ಕೈಯಲ್ಲಿ ಗೇರು ಹಾಕುವಂಥದ್ದು.
ಚಳಿಗೆ ಮೂರು ಸಲ ಬೈಸಿಕೊಂಡೇ ಏಳುತ್ತಿದ್ದದ್ದು
ಆ ಬೆಳಿಗ್ಗೆ ಮೊದಲ ಕೀಲಿಗೇ ಎದ್ದುಬಿಟ್ಟಿತು.
ಅದರ ಎದುರಿಗೆ ಹಾಗೆಲ್ಲ ಮಾತಾಡಬಾರದಿತ್ತು.
ನಾರ್ದರ್ನ್ ಅವೆನ್ಯೂ ಉದ್ದಕ್ಕೂ ಒಮ್ಮೆಯೂ ಕೆಮ್ಮಲಿಲ್ಲ,
ಪರೀಕ್ಷೆಗೆ ಹೊರಟ ಹುಡುಗನ ಹಾಗೆ ತಲೆ ಬಾಚಿಕೊಂಡು ಬಂತು.

ಗುಜರಿಯಂಗಳದ ಮಾರ್ಲಿಸ್ ಕೀಲಿ ತಿರುಗಿಸಿ ನೋಡಿ
'ಚೆನ್ನಾಗೇ ಇದೆಯಲ್ಲ' ಅಂದಳು. ಕಾಗದದಲ್ಲಿ ಗುರುತು ಹಾಕಿದಳು.
ಮಧ್ಯಾಹ್ನದೊಳಗೆ ಎಂಜಿನ್ನಿಗೆ ತೂತು ಕೊರೆಯುತ್ತಾರೆ,
ಇನ್ಯಾರೂ ಓಡಿಸದ ಹಾಗೆ.
ಒಳಗೇನಾದರೂ ಉಳಿದಿದೆಯೇ ಅಂತ ಕೇಳಿದಳು.
ಒಂಟಿ ಕೈಗವಸು. ಜೀರಿಗೆಯ ವಾಸನೆ. ಹನ್ನೊಂದು ಸೆಂಟು.

ಸಹಿ ಹಾಕಿದೆ, ಚೆಕ್ಕು ತಗೊಂಡೆ, ಕದಲಲಿಲ್ಲ.
ಅವಳು ಇನ್ನೇನು ಎಂಬಂತೆ ನೋಡಿದಳು.
ಗೇರಿನ ಗುಂಡಿಯತ್ತ ಬೆರಳು ತೋರಿಸಿದೆ.
ನಕ್ಕು, ಎಡಕ್ಕೆ ನಾಲ್ಕು ಸುತ್ತು ತಿರುಗಿಸಿ,
ನನ್ನ ಅಂಗೈಗೆ ಹಾಕಿದಳು. ಬೆಚ್ಚಗಿತ್ತು.

ಹೊಸದಕ್ಕೆ ಗೇರೇ ಇಲ್ಲ. ಸದ್ದೂ ಇಲ್ಲ.
ವರ್ಷಕ್ಕೆ ಹತ್ತು ಸಾವಿರ ಮೈಲಿ, ದಾಟಿದರೆ ದಂಡ.
ದಿನಕ್ಕೆ ಇಪ್ಪತ್ತೇಳು. ಶಾಲೆಗೆ ಹೋಗಿಬರಲು ಹನ್ನೊಂದು.
ಉಳಿದ ಹದಿನಾರನ್ನು ಎಪ್ಪತ್ತು ದಿನ ಕೂಡಿಟ್ಟರೆ ಸಮುದ್ರ,
ಹೋಗಲಿಕ್ಕೆ ಮಾತ್ರ.

ತಿರುವಿನಲ್ಲಿ ಲೋಟದ ಗುಳಿಯೊಳಗೆ ಗುಂಡಿ ಉರುಳಿ
ಟಕ್ ಅನ್ನುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು
ನನ್ನ ಅಂಗೈಗೇ ತಿಕ್ಕಿ ಅಳಿಸಿಹೋಗಿವೆ.
ಹಿಂದಕ್ಕೆ ಹೋಗುವ ಅಕ್ಷರವೊಂದು
ಹೊಚ್ಚ ಹೊಸದಾಗಿ ಉಳಿದಿದೆ.