ಗಾಳಿಚೀಲ

ಎಂಬತ್ತಡಿ ರಸ್ತೆ ಇಷ್ಟು ನೆಟ್ಟಗೆ ಹೇಗಿದೆ ಅಂತ
ಕೇಳುತ್ತಾರೆ, ಬಾಡಿಗೆಮನೆ ನೋಡಲು ಬಂದವರು.
ಕಾರ್ಪೊರೇಷನ್ನಿನ ಕೆಲಸವಲ್ಲ ಸ್ವಾಮಿ,
ಯುದ್ಧದ ಕೆಲಸ.

ಮೊದಲು ಇಲ್ಲಿ ನಮ್ಮ ಕಣ.
ಸಗಣಿ ಸಾರಿಸಿದ ನೆಲ, ನಡುವೆ ಮೇಟಿ,
ರಾಗಿ ತೂರಲು ಮೊರ ಎತ್ತಿ ನಿಂತ ತಾತ ಪಿಳ್ಳಪ್ಪ.
ಒಂದು ಶನಿವಾರ ಜೀಪು ಬಂತು, ಸುಣ್ಣದ ಗೆರೆ ಬಿತ್ತು.
ಮೇಟಿ ಕಿತ್ತ ಗುಂಡಿಯಲ್ಲೇ ಕಬ್ಬಿಣದ ಕಂಬ,
ಅದರ ತುದಿಗೆ ಕೆಂಪುಬಿಳಿ ಪಟ್ಟೆಯ ಚೀಲ.
ಅದನ್ನು ಕಾಯಲು ತಾತ:
ತಿಂಗಳಿಗೆ ಹದಿನಾಲ್ಕು ರೂಪಾಯಿ, ಒಂದು ಜೊತೆ ಖಾಕಿ.

ಅಕ್ಷರ ಬರುತ್ತಿರಲಿಲ್ಲ ಅವನಿಗೆ, ಗಾಳಿ ಬರುತ್ತಿತ್ತು.
ಆಷಾಢದಲ್ಲಿ ಪಡುವಣದ್ದು, ನುಗ್ಗೆಮರ ಮುರಿಯುವಂಥದ್ದು;
ಕಾರ್ತೀಕ ಕಳೆದರೆ ಮೂಡಣದ್ದು, ಅವರೆಯ ಸೊಗಡು ಹೊತ್ತದ್ದು.
ಆಫೀಸರು ಬೆರಳು ನೆಕ್ಕಿ ಎತ್ತುವ ಮೊದಲೇ
ಹೇಳಿಬಿಡುತ್ತಿದ್ದ.
"ನಾವು ಗಾಳಿಗೆ ಬೆನ್ನು ಕೊಟ್ಟು ತೂರೋರು,
ಈ ಹೈಕ್ಳು ಎದೆ ಕೊಟ್ಟು ಏರೋರು.
ಅಷ್ಟೇಯ."

ಹತ್ತೊಂಬತ್ತು ತುಂಬದ ಹುಡುಗರು. ಅದರಲ್ಲೊಬ್ಬ ಡೆನ್ಜಿಲ್,
ಕಾಕ್ಸ್‌ಟೌನಿನವನು, ಕನ್ನಡದಲ್ಲಿ ಬೈಗುಳ ಮಾತ್ರ ಬಲ್ಲವನು,
ಹಳದಿ ವಿಮಾನ ಇಳಿಸಿ ನೇರ ಬೇಲಿಗೆ ಬಂದು
ಜೇಬು ತುಂಬ ಅವರೆಕಾಯಿ ಕೀಳುತ್ತಿದ್ದ.
ಅಜ್ಜಿ ಕುಡುಗೋಲು ತೋರಿಸಿದರೆ ಸೆಲ್ಯೂಟ್ ಹೊಡೆಯುತ್ತಿದ್ದ.
ಒಬ್ಬನೇ ಹಾರಿದ ಮೊದಲ ದಿನ
ಮೂರು ಸಲ ಕುಪ್ಪಳಿಸಿ ನೆಲ ಮುಟ್ಟಿ
ತಾತನ ಕಾಲ ಬಳಿ ವಾಂತಿ ಮಾಡಿಕೊಂಡನಂತೆ.
ಆಮೇಲೆ ಬರ್ಮಾ ಅಂದರು.
ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಯುದ್ಧ ಮುಗಿಯಿತು. ಲಾರಿಗಳು ಹೋದವು,
ಕುರ್ಚಿಗಳು ಹೋದವು, ಅಡುಗೆಮನೆಯ ಬಾಗಿಲೂ ಹೋಯಿತು.
ತಾತನಿಗೆ ಸಾಕು ಎಂದು ಹೇಳುವುದನ್ನು ಮಾತ್ರ ಮರೆತರು.
ಹನ್ನೊಂದು ತಿಂಗಳು, ಸಂಬಳವಿಲ್ಲದೆ,
ಬೆಳಿಗ್ಗೆ ಏರಿಸಿದ, ಸಂಜೆ ಇಳಿಸಿದ.
ಯಾಕೆ ಅಂದರೆ,
"ದಾರಿ ತಪ್ಪಿದವನು ಯಾವನಾದರೂ ಮೇಲಿಂದ ನೋಡಿದರೆ?"

ಕೊನೆಗೆ ಅಜ್ಜಿಯೇ ಬಿಚ್ಚಿ ತಂದಳು.
ಎರಡು ಕಡೆಯೂ ಬಾಯಿ, ಏನು ಹಾಕಿದರೂ ನಿಲ್ಲದು.
ಸಣ್ಣ ಬಾಯಿಗೆ ದಬ್ಬಳದಲ್ಲಿ ಹೊಲಿಗೆ ಹಾಕಿ
ಬಿತ್ತನೆ ಅವರೆ ತುಂಬಿಟ್ಟಳು.
ಬಿತ್ತಲು ಹೊಲ ವಾಪಸು ಬಂತೇ,
ಅದನ್ನು ಕೇಳಬೇಡಿ.

ಬೋರ್‌ವೆಲ್ಲಿನವರಿಗೆ ಈಗಲೂ ಎರಡಡಿಗೆ ಕಾಂಕ್ರೀಟು ಸಿಕ್ಕಿ
ನಮ್ಮನ್ನು ಬೈಯುತ್ತಾರೆ.
ಕಂಬ ಪಾರ್ಕಿನಲ್ಲಿದೆ, ಆಗಸ್ಟಿನಲ್ಲಿ ಬಾವುಟ ಕಟ್ಟುತ್ತಾರೆ.
ಚೀಲ ನಮ್ಮ ಅಟ್ಟದಲ್ಲಿತ್ತು; ಅವರೆಯನ್ನು ಎಂದೋ ಹುಳ ತಿಂದಿತ್ತು.
ಮೊನ್ನೆ ಹೊಲಿಗೆ ಬಿಚ್ಚಿ, ಒಗೆದು,
ಮಹಡಿಯ ತಂತಿಗೆ ಹಾಕಿದೆ.
ಪಡುವಣ ಗಾಳಿ ಹೊಕ್ಕಿದ್ದೇ ತಡ
ಹೊಟ್ಟೆ ಉಬ್ಬಿ ಮೂಡಣಕ್ಕೆ ಚಾಚಿಕೊಂಡಿತು.

ಪಕ್ಕದ ಮನೆಯಾಕೆ ಇಣುಕಿ,
ಏನಮ್ಮಾ ಅದು, ಪ್ಯಾಂಟಿನ ಒಂದೇ ಕಾಲು?
ಹೂಂ ಅಂದೆ,
ತಾತನದು.