ಎಂಟುನೂರು ಸಿಸಿಯ ಮೀನು

ತೊಟ್ಟಿಯಲ್ಲಿ ನೀರಿದೆ. ಫ್ಯೂಸು ಸುಟ್ಟಿಲ್ಲ.
ಕಡ್ಡಿ ಎಳೆದರೆ ಬಾನೆಟ್ಟಿನೊಳಗೆಲ್ಲೋ
ಗುಯ್ ಅನ್ನುತ್ತದೆ ಮೋಟರು, ಹಸಿದ ಸೊಳ್ಳೆಯ ಹಾಗೆ.
ಗಾಜಿಗೆ ಮಾತ್ರ ಒಂದು ಹನಿ ಇಲ್ಲ.
ರಿಂಗ್ ರೋಡಿನ ಧೂಳಿನ ಮೇಲೆ ವೈಪರು
ಕರಕರ ಎರಡು ಕೆಮ್ಮಣ್ಣು ಕಮಾನು ಗೀಚಿ
ಸುಮ್ಮನಾಗುತ್ತದೆ.

ಭಾನುವಾರ, ಲಗ್ಗೆರೆ. ಏಳೂವರೆಯ ಕ್ಲಾಸಿಗೆ
ಪುಟ್ಟಲಿಂಗಮ್ಮ ಬಂದಾಗ ನಾನು
ಹಳೆಯ ಫ್ಲೆಕ್ಸಿನ ಮೇಲೆ ಅಂಗಾತ ಮಲಗಿದ್ದೆ.
ಬೆನ್ನ ಕೆಳಗೆ ಯಾರೋ ಟಿಕೆಟ್ ಆಕಾಂಕ್ಷಿಯ ಕೈಮುಗಿದ ನಗು,
ಮೂಗಿನ ಮೇಲೆ ಬಂಪರು.
"ಇವತ್ತು ರಿವರ್ಸ್ ಇಲ್ವಾ ಮಿಸ್?"
ದನಿಯಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚು.

ವಯಸ್ಸು ಐವತ್ತೆಂಟು. ಪೀಣ್ಯದ ಗಾರ್ಮೆಂಟ್ಸಿನಲ್ಲಿ
ಗಂಟೆಗೆ ಅರವತ್ತು ಕಾಲರಿನಂತೆ ಇಪ್ಪತ್ತಾರು ವರ್ಷ.
ಟೆಸ್ಟಿನಲ್ಲಿ ಎರಡು ಸಲ ಫೇಲು:
ಒಮ್ಮೆ ಡ್ರಮ್ಮಿಗೆ ಗುದ್ದಿ,
ಒಮ್ಮೆ ಇನ್‌ಸ್ಪೆಕ್ಟರು ಕೆಮ್ಮಿದ್ದಕ್ಕೆ ಗಕ್ಕನೆ ಬ್ರೇಕು ತುಳಿದು.
ಈಗ ಯಾಕೆ ಕಾರು ಅಂತ ನಾನು ಕೇಳಿಲ್ಲ.
ಫೀಸು ಕಟ್ಟಿದವರನ್ನು ಕೇಳಬಾರದು.

ಪೈಪು ಕೈಗೆ ಸಿಕ್ಕಿತು. ಇಲಿ ಕಡಿದಿದೆ,
ಕಡಿದದ್ದಲ್ಲ, ಗೇಣುದ್ದ ತಿಂದೇಬಿಟ್ಟಿದೆ.
ಇಡೀ ಸೆಟ್ಟೇ ಹಾಕಬೇಕು ಅಂದಿದ್ದರು ಶೋರೂಮಿನವರು,
ಹೇಳಿದ ರೇಟು ಇಬ್ಬರು ಶಿಷ್ಯರ ಫೀಸು.
ಸುಂಕದಕಟ್ಟೆಯ ಮೀನಿನಂಗಡಿಯ ಅನ್ಸರ್
ಗಾಳಿಗುಳ್ಳೆಯ ಪೈಪು ಒಂದು ಮೀಟರು ಅಳೆದು ಕತ್ತರಿಸುತ್ತಾ
"ಎಷ್ಟು ಮೀನಿದೆ ಮೇಡಂ?" ಅಂದಿದ್ದ, ನಿನ್ನೆ.
"ಒಂದೇ. ಎಂಟುನೂರು ಸಿಸಿ."
ತಲೆಯಾಡಿಸಿದ. ಯಾವ ಜಾತಿ ಅಂತ ಕೇಳಲಿಲ್ಲ.

ತುದಿಯನ್ನು ಬಿಸಿನೀರಿಗದ್ದಿ, ಮೆತ್ತಗಾದ ಮೇಲೆ
ಜಾಯಿಂಟಿಗೆ ತೊಡಿಸಿದೆ,
ಬಳೆಗಾರ್ತಿಯ ಹಾಗೆ, ನೋಯದಂತೆ ತಿರುವಿ ತಿರುವಿ.
"ಎಳೀರಿ!"
"ಎಳ್ದೆ!"
"ಬಂತಾ?"
"ಗುಯ್ ಅಂತದೆ."
"ನೀರು?"
"ಬರೀ ಗುಯ್ಯೇ ಮಿಸ್."

ಹಿಂದಿನ ಮಾಲೀಕ ತೊಟ್ಟಿಗೆ ಸೋಪಿನ ಪುಡಿ ಸುರಿಯುತ್ತಿದ್ದನಂತೆ.
ಸಾಲದ್ದಕ್ಕೆ ನಮ್ಮ ಬೋರ್‌ವೆಲ್ಲಿನ ಉಪ್ಪು.
ಸಾಸಿವೆಗಿಂತ ಸಣ್ಣ ಕಣ್ಣು, ಅದರಲ್ಲಿ ಗಾರೆಯಂಥ ಪಿಸುರು.
ನನ್ನ ಗುಂಡುಪಿನ್ನು ಒಳಗೆ ಹೋಗಲೊಲ್ಲದು.

ಪುಟ್ಟಲಿಂಗಮ್ಮ ಇಳಿದು ಬಂದರು.
ಪರ್ಸಿನ ತಳದಿಂದ ಒಂದು ಬಟ್ಟೆಚೂರು,
ಅದಕ್ಕೆ ಚುಚ್ಚಿಟ್ಟ ಮೆಷಿನ್ ಸೂಜಿ, ಒಂಬತ್ತನೇ ನಂಬರು.
"ಅಲ್ಲಿ ಸೂಜಿ ಮುರುದ್ರೆ ಚೂರುಪಾರೆಲ್ಲ ಹುಡುಕಿ,
ಜೋಡಿಸಿ, ಟೇಪ್ ಹಾಕಿ ಒಪ್ಪುಸ್ಬೇಕಿತ್ತು.
ಇದೊಂದು ಲೆಕ್ಕಕ್ಕೆ ಸಿಗ್ಲಿಲ್ಲ."
ಕನ್ನಡಕ ಹಾಕಲಿಲ್ಲ. ಕಣ್ಣು ಎತ್ತಲೋ,
ಬೆರಳೇ ಒಳಗಿನದನ್ನು ಕೇಳಿಸಿಕೊಳ್ಳುತ್ತಿತ್ತು.
ಬೆಳ್ಳನೆಯ ಹುಡಿ ಉದುರಿತು, ಹಲ್ಲುಪುಡಿಯಷ್ಟು.

ಎಳೆದರು.
ನೀರು ಗಾಜನ್ನು ಬಿಟ್ಟು, ಟಾಪಿನ ಮೇಲಿಂದ ಹಾರಿ
ಜಗುಲಿಯಲ್ಲಿದ್ದ ಓನರ್ ತಿಮ್ಮರಾಯಪ್ಪನವರ
ಪೇಪರಿನ ಹವಾಮಾನದ ಕಾಲಮಿಗೆ ಬಿತ್ತು.
ಅವರು ಮೊದಲು ಆಕಾಶ ನೋಡಿದರು.

"ಹೊಲಿಗೆ ಒಂದೆಳೆ ಮೇಲೋಯ್ತು" ಎಂದು
ಮತ್ತೆ ಇಳಿದು, ಕಣ್ಣಿಗೆ ಸೂಜಿಯಿಟ್ಟು
ಒಂದೆಳೆಯಷ್ಟೇ ಕೆಳಗೆ ಮೀಟಿದರು.

ಈಗ ಗಾಜಿಗೇ.
ಕೆಂಪು ನೀರು, ಆಮೇಲೆ ಟೀ ಬಣ್ಣದ್ದು, ಆಮೇಲೆ ಬರೀ ನೀರು.
ಅದರ ಹಿಂದೆ ಹಲ್ಲೆಲ್ಲ ಬಿಟ್ಟುಕೊಂಡು ಪುಟ್ಟಲಿಂಗಮ್ಮ,
ಕಡ್ಡಿ ಬಿಡುತ್ತಲೇ ಇಲ್ಲ.
"ಸಾಕು, ತೊಟ್ಟಿ ಖಾಲಿಯಾಗತ್ತೆ!"
"ಇನ್ನೊಂದೇ ಒಂದ್ಸಲ ಮಿಸ್."
ಖಾಲಿಯಾಯಿತು.

ಇಳಿದು, ಸೂಜಿಯನ್ನು ಸೆರಗಿಗೆ ಒರೆಸಿ
ಬಟ್ಟೆಚೂರಿಗೆ ಚುಚ್ಚಿ ಪರ್ಸು ಮುಚ್ಚಿದರು.
ಗೇಟಿನ ಹತ್ತಿರ ನಿಂತು, ಮತ್ತೆ ತೆರೆದು
ಇದೆಯಾ ಅಂತ ನೋಡಿಕೊಂಡರು.