ಬುಳುಕ

ಆಟದವರು ಅದಕ್ಕಿಟ್ಟ ಹೆಸರು
ನಮ್ಮ ನಾಲಿಗೆಯಲ್ಲಿ ಹೊರಳುವುದಿಲ್ಲ.
ಆಸ್ಮಾ ತಾನೇ ಇಟ್ಟಳು: ಬುಳುಕ.
ತುಂಬಿದ ಹಂಡೆಗೆ ಚೊಂಬು ಅದ್ದಿದರೆ ಬರುತ್ತಲ್ಲ, ಆ ಸದ್ದು.

ಅಂಗೈಯಗಲದ ಗಾಜಿನೊಳಗೆ ಕೂತಿರುತ್ತದೆ,
ನೇರಳೆ ಹಣ್ಣಿನ ಬಣ್ಣ, ಮೊಂಡು ಕಾಲು, ಒದ್ದೆ ಬಾಲ,
ತಲೆಯ ಎರಡೂ ಪಕ್ಕ ಕೆಂಪು ಕುಚ್ಚು.
ಎಷ್ಟು ದೊಡ್ಡ ಕಿವಿ, ಅಂದೆ.
ಕಿವಿಯಲ್ಲ ಅಮ್ಮೀ, ಕಿವಿರು.
ಒಂದೇ ಅಕ್ಷರ ಹೆಚ್ಚು,
ಅಷ್ಟಕ್ಕೇ ನೀರೊಳಗೂ ಬದುಕಬಹುದಂತೆ.

ಸಿಕ್ಕಿದ್ದು ದಾಸಯ್ಯನ ಕುಂಟೆಯಲ್ಲಿ.
ಕುಂಟೆ ಎಲ್ಲಿದೆ ಈಗ?
ಸೈಟು ಕಲ್ಲು ನೆಟ್ಟು ಹನ್ನೊಂದು ವರ್ಷವಾಯಿತು,
ಏಳನೇ ನಂಬರಿನಲ್ಲಿ ಲೈನ್‌ಮನ್ ಬಾಬಣ್ಣನ ಮನೆ,
ಎದುರಿಗೆ ವೆಲ್ಡಿಂಗ್ ಶೆಡ್ಡು.
ಆದರೆ ಫೋನಿನೊಳಗಿನ ಶಿಡ್ಲಘಟ್ಟಕ್ಕೆ
ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಲ್ಲಿ ಈಗಲೂ ನೀಲಿ.
ಬಾಬಣ್ಣನ ಮೆಟ್ಟಿಲ ಮೇಲೆ
ಮೊಣಕಾಲುದ್ದ ನೀರು ನಿಂತಿರುವ ಹಾಗೆ
ಬುಳುಕ ಈಜಿಕೊಂಡು ಬಂತು.
ನಾನು ಹುಡುಗಿಯಾಗಿದ್ದಾಗ ಬಟ್ಟೆ ಕುಕ್ಕುತ್ತಿದ್ದ ಕಲ್ಲು
ಅಲ್ಲೇ ಎಲ್ಲೋ ಇರಬೇಕು, ಅವರ ಸಂಪಿನ ಕೆಳಗೆ.
ಹೇಳಲಿಲ್ಲ. ಹೇಳಿದ್ದರೆ
ಅದನ್ನೂ ಹಿಡಿಯೋಣ ಬಾ ಅನ್ನುತ್ತಿದ್ದಳು.

ದಿನಾ ನಡೆಸಬೇಕಂತೆ, ಹೆಜ್ಜೆಗಳೇ ಅದರ ಊಟ.
ಸ್ಕೂಲಿಗೆ ಫೋನು ಒಯ್ಯುವಂತಿಲ್ಲ.
ಹಾಗಾಗಿ ಹಗಲೆಲ್ಲ ಅದು
ನನ್ನ ಬುರ್ಖಾದ ಜೇಬಿನಲ್ಲಿ ಫಿಲೇಚರಿಗೆ ಬರುತ್ತದೆ,
ಗೂಡು ಬೇಯುವ ವಾಸನೆಗೆ
ಮೂಗು ಮುಚ್ಚಿಕೊಳ್ಳಲು ಕೈ ಎಟುಕದ ಜೀವ.
ಸಂಜೆ ಗೂಡು ಮಾರ್ಕೆಟ್ಟು ಬಳಸಿಕೊಂಡು
ದೂರದ ದಾರಿಯಲ್ಲಿ ಮನೆಗೆ ಹೋಗುತ್ತೇನೆ.
ಯಾಕೆ ಸುತ್ತುತೀಯ, ಶುಗರ್ರಾ?
ಕೇಳಿದಳು ಪಕ್ಕದ ಬೇಸಿನ್ನಿನ ಮುನಿನಂಜಮ್ಮ.
ಹೂಂ ಅಂದೆ.
ಮಾರನೇ ದಿನ ಒಂದು ಕಟ್ಟು ಮೆಂತ್ಯ ಸೊಪ್ಪು ತಂದುಕೊಟ್ಟಳು ಪಾಪ.

ನನ್ನ ಕೆಲಸ ನಿಮಗೆ ಗೊತ್ತಿರಬಹುದು.
ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವುದು.
ರೆಕ್ಕೆ ಬರುವ ಮುಂಚೆ ಬೇಯಬೇಕು ಹುಳ.
ಒಂದು ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ
ಮುಗಿಯಿತು, ಊರುದ್ದದ ಎಳೆ ಚೂರುಚೂರು.
ಹತ್ತೊಂಬತ್ತು ವರ್ಷದಲ್ಲಿ
ಒಂದು ಚಿಟ್ಟೆಯನ್ನೂ ನಾನು ಸರಿಯಾಗಿ ನೋಡಿಲ್ಲ.

ಮೊನ್ನೆ ರಾತ್ರಿ ಕರೆಂಟು ಹೋಗಿತ್ತು.
ಗಾಜಿನ ತುಂಬ ಬೆಳಕು, ಬುಳುಕ ನಡುಗುತ್ತಿದೆ.
ಇಪ್ಪತ್ತನೇ ಮೆಟ್ಟಿಲು ಮುಟ್ಟಿತಂತೆ, ಬದಲಾಗುತ್ತದಂತೆ,
ಕುಚ್ಚು ಉದುರಿ, ಹೊಟ್ಟೆ ಬಂದು,
ನೆಲದ ಮೇಲೆ ಎದ್ದು ನಿಲ್ಲುವ ದೊಡ್ಡ ಪ್ರಾಣಿ.
ಬಲ ಜಾಸ್ತಿ, ಮುದ್ದು ಕಮ್ಮಿ.
ಕೆಳಗೆ ಎರಡು ಗುಂಡಿ:
ಆಗಲಿ.
ತಡೆ.

ಆಸ್ಮಾ ಉಗುರು ಕಚ್ಚಿದಳು.
ಕುಚ್ಚು ಹೋದ ಮೇಲೆ
ನಾನು ಕರೆದರೆ ಓ ಅನ್ನುತ್ತಾ ಅದು?
ನೀನೇ ಒತ್ತು ಅಮ್ಮೀ, ನಡೆಸಿದವಳು ನೀನು.

ಹೆಬ್ಬೆಟ್ಟು ಇಟ್ಟೆ.
ಯಾವುದರ ಮೇಲೆ ಅಂತ ಕೇಳಬೇಡಿ.
ಫೋನು ಮಿಸುಕಲಿಲ್ಲ.
ರೇಷನ್ ಅಂಗಡಿಯ ಯಂತ್ರವೂ ಹೀಗೇ,
ಬೆಂದು ದಡ್ಡುಗಟ್ಟಿದ ಬೆರಳು ಅದಕ್ಕೆ ಬೆರಳೇ ಅಲ್ಲ.
ಸೆರಗಿಗೆ ಒರೆಸಿ ಇಟ್ಟೆ. ಊದಿ ಇಟ್ಟೆ.
ಅವಳು ನನ್ನ ಹೆಬ್ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು
ಪೆನ್ಸಿಲ್ಲಿನಂತೆ ಒತ್ತಿದಳು. ಇಲ್ಲ.

ಅದು ಕಾಯುತ್ತಿತ್ತು,
ಒಮ್ಮೆ ಕುಚ್ಚು ಅರಳಿಸಿ, ಒಮ್ಮೆ ಮುದುಡಿ,
ನೀರೋ ನೆಲವೋ ತಿಳಿಯದ ಆ ಬೆಳಕಿನಲ್ಲಿ.
ಚಾರ್ಜು ಎರಡು ಪರ್ಸೆಂಟು. ಗಾಜು ಮಬ್ಬಾಯಿತು.
ಕರೆಂಟು ಬರಲಿ ಬಿಡು, ಅಂದಳು.
ಇಬ್ಬರೂ ಕತ್ತಲಲ್ಲಿ ಕೂತೆವು,
ಇನ್ನೂ ಬುಳುಕವೇ ಆಗಿದ್ದ ಅದನ್ನು
ನಡುವೆ ಚಾಪೆಯ ಮೇಲೆ ಮಲಗಿಸಿ.